ಏಳಬೇಡಿ, ಕೋಚ್

ಚಳಿ ಶುರುವಾಯಿತೆಂದು ಮೊನ್ನೆ ಶಾಲುಗಳನ್ನು ತೆಗೆಯಲು ಮಂಚದ ಕೆಳಗಿನ ಸೂಟ್‌ಕೇಸ್ ಎಳೆದೆ. ಮುಚ್ಚಳ ತೆರೆದ ಕೂಡಲೇ ನುಸಿಗುಳಿಗೆಯ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬಂತು. ಮೂಗಿನ ತುದಿ ಉರಿಸುವಂಥ, ಮಂಡಿನೋವಿಗೆ ಹಚ್ಚುವ ಎಣ್ಣೆಯ ವಾಸನೆ. ನಮ್ಮ ಮನೆಯಲ್ಲಿ ಅಂಥ ಎಣ್ಣೆ ಯಾರೂ ಹಚ್ಚುವುದಿಲ್ಲ. ಶಾಲುಗಳ ನಡುವೆ ಕೈ ಹಾಕಿದರೆ ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಬಟ್ಟೆಯ ಚೆಂಡು ಸಿಕ್ಕಿತು. ಮೇಲೆ ಕಂದು ಬಣ್ಣದ ಕಾಲುಚೀಲ, ಅದಕ್ಕೆ ಕಪ್ಪು ದಾರದ ಹೊಲಿಗೆ. ಹೊಲಿಗೆ ಬಿಟ್ಟ ಒಂದು ಕಡೆ ನನ್ನ ಹಳೆಯ ಹಸಿರು ಸೀರೆಯ ಅಂಚು ಇಣುಕುತ್ತಿತ್ತು.

ಶಾಲು ಮರೆತು ನೆಲದ ಮೇಲೆಯೇ ಕುಳಿತುಬಿಟ್ಟೆ...

ಈಗ ನಾವು ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿದ್ದೇವೆ. ಆಗ ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿದ್ದೆವು. ನಮ್ಮೆಜಮಾನರಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಫ್ರಿಜ್ಜಿನ ಬಾಗಿಲಿಗೆ ಅವರ ಡ್ಯೂಟಿಯ ಪಟ್ಟಿ, ಅಂದರೆ ರೋಟಾ, ಅದರ ಪಕ್ಕದಲ್ಲಿ ಊರಿಂದ ತರಿಸಿದ ಪಂಚಾಂಗ. ಇವೆರಡನ್ನೂ ನೋಡಿಕೊಂಡು ನನ್ನ ದಿನ ನಡೆಯುತ್ತಿತ್ತು. ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋಗಿ ಆಗಿತ್ತು. ನನಗೆ ಸಕ್ಕರೆ ಕಾಯಿಲೆ ಬಂದಿದೆಯೆಂದು ನಮ್ಮ ಬಡಾವಣೆಯ ಡಾಕ್ಟರು, ಜಿಪಿ, ಹೇಳಿ, ದಿನಾ ಅರ್ಧ ಗಂಟೆ ನಡೆಯಲೇಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಹೇಳುವುದು ಸುಲಭ. ಆ ಊರಿನ ರಸ್ತೆಗಳೆಲ್ಲ ಗೋಡೆಯ ಹಾಗೆ ಮೇಲಕ್ಕೇರುತ್ತವೆ. ಹಿಂದಿನ ಚಳಿಗಾಲದಲ್ಲಿ ನಮ್ಮ ಗೇಟಿನ ಮುಂದೆಯೇ ಮಂಜಿನ ಮೇಲೆ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಿದ್ದೆ. ಬಲಗೈ ಅಲ್ಲವಲ್ಲ, ದೀಪ ಹಚ್ಚಲು ತೊಂದರೆಯಾಗಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದೆ. ಆದರೆ ಹೆದರಿಕೆ ಹೋಗಲಿಲ್ಲ. ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಡುತ್ತಿದ್ದೆ.

ಹಾಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

"ಮಿಸೆಸ್, ಏನು ಕಳೆದುಕೊಂಡಿದ್ದೀರಿ?"

"ಏನೂ ಇಲ್ಲವಲ್ಲ" ಎಂದೆ.

"ಮತ್ತೆ ಒಂದು ತಿಂಗಳಿಂದ ನೆಲದಲ್ಲಿ ಏನು ಹುಡುಕುತ್ತಿದ್ದೀರಿ?"

ಅವರು ಹಂಗೇರಿಯವರು. ಎಂಬತ್ತು ದಾಟಿದ ಅಜ್ಜ, ಒಂಟಿಯಾಗಿದ್ದರು. ಒಂದು ಮಂಡಿ ಬಾಗುತ್ತಿರಲಿಲ್ಲ. ಅವರ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ನನ್ನ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಇಡೀ ಬೀದಿ ಕರೆಯುವ ಹಾಗೆ ನಾನೂ ಕೋಚ್ ಎಂದೇ ಕರೆದೆ. ಅವರಿಗೆ ನಾನು ಕೊನೆಯವರೆಗೂ ಮಿಸೆಸ್. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಅದಕ್ಕೇ ಇಬ್ಬರಿಗೂ ಮಾತು ಚೆನ್ನಾಗಿ ಕೂಡಿಬಂತು.

ಮಾರನೆಯ ದಿನ ಗೋಡೆಯಾಚೆಯಿಂದ ಹಳೆಯ ಬಟ್ಟೆ ಕೇಳಿದರು. ಒರೆಸಲು ಬೇಕೇನೋ ಎಂದು ಹರಿದ ಹಸಿರು ಸೀರೆಯೊಂದನ್ನು ಕೊಟ್ಟೆ. ಅದನ್ನು ಉಂಡೆಕಟ್ಟಿ ಕಾಲುಚೀಲದೊಳಗೆ ತುರುಕಿ ಹೊಲಿದು ಚೆಂಡು ಮಾಡಿಕೊಂಡು ಬಂದರು. ಮಂಡಿಗೆ ಎಣ್ಣೆ ಹಚ್ಚಿದ ಕೈಯಲ್ಲೇ ಹೊಲಿದಿದ್ದರಿಂದ ಚೆಂಡಿಗೂ ಅದೇ ವಾಸನೆ. ಬುಡಾಪೆಸ್ಟ್‌ನಲ್ಲಿ ತಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಆಡಿದ್ದು ಇಂಥ ಚೆಂಡಿನಲ್ಲೇ ಎಂದರು.

"ಹಿತ್ತಲಲ್ಲಿ ಇದನ್ನು ಕಾಲಿನಿಂದ ತಳ್ಳಿಕೊಂಡು ನಡೆಯಿರಿ. ಕೆಳಗೆ ನೋಡಬೇಡಿ. ಬಟ್ಟೆಯ ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ."

ಸೀರೆಯನ್ನು ಒದೆಯುವುದೇ? ಮೊದಲ ದಿನ ಕಾಲು ಮುಂದೆ ಬರಲಿಲ್ಲ. ಆಮೇಲೆ, ಹಿತ್ತಲಲ್ಲಿ ಯಾರೂ ನೋಡುವುದಿಲ್ಲವಲ್ಲ ಎಂದು ತಳ್ಳಿದೆ. ಎರಡು ವಾರ ಕಳೆಯುವಷ್ಟರಲ್ಲಿ ತಲೆ ಎತ್ತಿ ನಡೆಯುತ್ತಿದ್ದೆ. ಎದುರಿನ ಚೆರ್ರಿ ಮರ ಮೊಗ್ಗು ಬಿಟ್ಟಿದ್ದು ನನಗೆ ಕಂಡದ್ದು ಆ ವರ್ಷವೇ.

ರಾಮನವಮಿಗೆ ಕೋಸಂಬರಿ ಕೊಟ್ಟು ಬಂದಿದ್ದೆ. ತಟ್ಟೆ ವಾಪಸು ಕೊಡಲು ಬಂದವರು, "ಈ ಕಾಳು ಒಣಗಿದ್ದು ಇದೆಯಾ?" ಎಂದರು. ಕೊಟ್ಟೆ. ನನ್ನ ಅಡುಗೆಮನೆಯ ಮೇಜಿನ ಮೇಲೆ ಹೆಸರುಬೇಳೆಯನ್ನು ಒಂದು ತಂಡ ಮಾಡಿ, ಕಡಲೆಬೇಳೆಯನ್ನು ಇನ್ನೊಂದು ತಂಡ ಮಾಡಿ ಹರಡಿದರು. ಒಂದೇ ಒಂದು ಮೆಣಸಿನ ಕಾಳು ಚೆಂಡು. ಅವರಿಗೆ ಆಟ ಕಲಿಸಿದ ಕೋಚ್ ಹಂಗೇರಿಯಲ್ಲಿ ಫುಟ್‌ಬಾಲ್ ಇನ್ನೂ ಹೊಸದಾಗಿದ್ದ ಕಾಲದ ಆಟಗಾರರಂತೆ. ಕಾಲು ಸೋತ ಮೇಲೆ ಕೋಚ್ ಆಗಿ, ಕಾಫಿ ಅಂಗಡಿಯ ಕಲ್ಲಿನ ಮೇಜಿನ ಮೇಲೆ ಹುರುಳಿಕಾಯಿ ಬೀಜ ಇಟ್ಟು ಹೀಗೆಯೇ ಪಾಠ ಹೇಳುತ್ತಿದ್ದರಂತೆ. "ಬಲ ಇದ್ದವನು ತಳ್ಳುತ್ತಾನೆ. ಬುದ್ಧಿ ಇದ್ದವನು ಅವನು ಬರುವ ಮೊದಲೇ ಚೆಂಡು ಕೊಟ್ಟುಬಿಡುತ್ತಾನೆ" ಎನ್ನುವುದು ಅವರಿಂದ ಬಂದ ಮಾತು. ನನ್ನ ಬೇಳೆ ಹೀಗೆ ದಿನವೂ ಮೈದಾನಕ್ಕಿಳಿಯಿತು. ಸಂಜೆ ಅದನ್ನೇ ತೊಳೆದು ಸಾರಿಗೆ ಹಾಕುತ್ತಿದ್ದೆ.

ಅವರ ಕಥೆ ಗೊತ್ತಾದದ್ದು ಆ ಮೇಜಿನಲ್ಲೇ, ಚೂರು ಚೂರಾಗಿ. ಟ್ರಾಮ್ ಡಿಪೊ ಪಕ್ಕದ ಬೀದಿಯಿಂದ ಒಂದು ಕಾರ್ಖಾನೆಯ ತಂಡಕ್ಕೆ, ಅಲ್ಲಿಂದ ದೇಶದ ಎರಡನೆಯ ತಂಡದವರೆಗೆ. ಅಷ್ಟರಲ್ಲಿ ಐವತ್ತಾರರ ಗಲಭೆ, ಬೀದಿಯಲ್ಲಿ ರಷ್ಯಾದ ಟ್ಯಾಂಕುಗಳು. ಬೂಟುಗಳೆರಡನ್ನೂ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಗಡಿ ದಾಟಿ ನಡೆದುಬಂದರು. ದೇಶ ಬಿಟ್ಟವನೆಂದು ಕೆಲಕಾಲ ಎಲ್ಲೂ ಆಡುವ ಹಾಗಿರಲಿಲ್ಲ. ಇಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತರು. ತಡೆ ಮುಗಿದು ಆಡಲು ಬಿಟ್ಟ ಎರಡನೆಯ ವರ್ಷವೇ ಮಂಡಿ ಹೋಯಿತು. ಮೂವತ್ತು ತುಂಬುವ ಮೊದಲೇ ಕೋಚ್ ಆದರು. ಮಧ್ಯ ಇಂಗ್ಲೆಂಡಿನಲ್ಲಿ, ಉತ್ತರದಲ್ಲಿ, ಹೆಸರಿಲ್ಲದ ಸಣ್ಣ ಸಣ್ಣ ತಂಡಗಳಿಗೆ. ಆರು ಕಡೆ ಇಟ್ಟುಕೊಂಡು ಆರು ಕಡೆಯೂ ತೆಗೆದರಂತೆ. ಅದನ್ನು ಹೇಳುವಾಗ ನಗುತ್ತಿದ್ದರು.

ಆದರೆ ಒಂದನ್ನು ಹೇಳುವಾಗ ನಗಲಿಲ್ಲ. ಒಂದು ಊರಿನಲ್ಲಿ ಪಂದ್ಯದ ನಡುವೆಯೇ ಕ್ಲಬ್ಬಿನ ಯಜಮಾನ ಕೆಳಗಿಳಿದು ಬಂದು, ಎಲ್ಲರ ಎದುರಿಗೆ, "ಸಾಕು, ಬೆಂಚು ಬಿಟ್ಟು ಏಳು" ಎಂದನಂತೆ. ಇವರು ಕೋಟು ತೆಗೆದುಕೊಂಡು ಎದ್ದು ಹೋದರು. ಇಡೀ ಮೈದಾನ ದಾಟಿ ಗೇಟಿನವರೆಗೆ ನಡೆಯಬೇಕಾಯಿತು. ಅಷ್ಟು ದೂರ ಜನ ಅವರು ಮಾತನಾಡುವ ರೀತಿಯನ್ನು ಅಣಕಿಸಿ ಕೂಗಿದರು. ಆಮೇಲೆ ಯಾವ ತಂಡವೂ ಕರೆಯಲಿಲ್ಲ. ನಿವೃತ್ತಿಯವರೆಗೆ ಒಂದು ಗೋದಾಮಿನಲ್ಲಿ ಕೆಲಸ.

"ನಾನು ಏಳಬಾರದಿತ್ತು, ಮಿಸೆಸ್" ಎಂದರು. ಮೆಣಸಿನ ಕಾಳನ್ನು ಬೆರಳಲ್ಲಿ ಹೊರಳಿಸುತ್ತಾ, "ಇಷ್ಟು ವರ್ಷದಲ್ಲಿ ನಾನು ಮಾಡಿದ ತಪ್ಪು ಅದೊಂದೇ. ಎದ್ದುಬಿಟ್ಟೆ."

ದಕ್ಷಿಣದಲ್ಲಿದ್ದ ಅವರ ತಂಗಿಯ ಮಗಳು ಬೇಸಿಗೆ ಕಳೆದ ಮೇಲೆ ಅವರನ್ನು ತನ್ನೂರಿನ ವೃದ್ಧರ ಕೇರ್ ಹೋಮಿಗೆ ಸೇರಿಸುವುದೆಂದು ನಿಶ್ಚಯವಾಗಿತ್ತು. ಒಳ್ಳೆಯ ಹೆಂಗಸು, ಅವರ ಎದೆ ಸರಿಯಿಲ್ಲವೆಂದು ಹೆದರಿಕೊಂಡಿದ್ದಳು. ಇವರೂ ಒಪ್ಪಿದ್ದರು. ಹೋಗುವ ಮೊದಲು ಒಂದೇ ಒಂದು ಪಂದ್ಯಕ್ಕೆ, ಸೀಟಿಯಿಂದ ಸೀಟಿಯವರೆಗೆ, ಕೋಚ್ ಆಗಿ ಬೆಂಚಿನ ಮೇಲೆ ಕೂರಬೇಕು. ಆಸೆ ಇಷ್ಟೇ. ಶೆಫೀಲ್ಡ್‌ನಲ್ಲಿ ವಯಸ್ಸಾದವರು ಆಡುವ, ಓಡದೆ ಬರೀ ನಡೆದೇ ಆಡುವ ಫುಟ್‌ಬಾಲ್ ಶುರುವಾಗಿತ್ತು. ಅಲ್ಲಿ ಹೋಗಿ ಕೇಳಿದರೆ, ಈ ವಯಸ್ಸಿನವರಿಗೆ ಇನ್ಶೂರೆನ್ಸ್ ಸಿಗುವುದಿಲ್ಲ ಎಂದು ಚಹಾ ಕೊಟ್ಟು ಕಳಿಸಿದರಂತೆ.

ಇನ್ನೂ ಸರಿಯಾಗಿ ಪರಿಚಯವೇ ಇಲ್ಲದಿದ್ದಾಗ, ನನ್ನ ಮಣಿಕಟ್ಟು ಮುರಿದ ದಿನ, ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದವರು ಇವರೇ. ಆ ಹೊತ್ತಿನಲ್ಲಿ ನಮ್ಮೆಜಮಾನರು ಆಪರೇಷನ್ ಥಿಯೇಟರಿನಲ್ಲಿ ಯಾರದೋ ಹೊಟ್ಟೆ ಕೊಯ್ಯುತ್ತಿದ್ದರು. ಇಂಥವರಿಗೆ ಒಂದು ತಂಡ ಸಿಗುವುದಿಲ್ಲವೆಂದರೆ ಹೇಗೆ?

ಗುರುವಾರ ಮಧ್ಯಾಹ್ನ ನಾವು ಕನ್ನಡದ ಹೆಂಗಸರು ಒಂದು ಹಾಲ್ ಹಿಡಿದು ಭಜನೆ ಮಾಡುತ್ತಿದ್ದೆವು. ಆ ವಾರ ಮಂಗಳಾರತಿಯಾದ ಮೇಲೆ ವಿಷಯ ತೆಗೆದೆ. ಧಾರವಾಡದ ಗಿರಿಜಕ್ಕ ನಮ್ಮಲ್ಲಿ ಹಿರಿಯರು, ಅರವತ್ತೆರಡು. ಅವರೇ ಮೊದಲು ಬಾಯಿ ಬಿಟ್ಟರು.

"ಏನವ್ವಾ, ತಾಳ ಬಡಿಯೂದು ಬಿಟ್ಟು ಚೆಂಡು ಒದಿಯೂದ?"

"ಜಿಪಿ ನಿಮಗೂ ನಡೀರಿ ಅಂತ ಹೇಳಿದಾರಲ್ವಾ ಅಕ್ಕಾ? ಒಬ್ರೇ ನಡೆಯೋ ಬದಲು ಆರು ಜನ ಒಟ್ಟಿಗೆ ನಡೆಯೋಣ."

"ಓಡೂದಿಲ್ಲಲಾ?"

"ಓಡಿದ್ರೆ ತಪ್ಪಂತೆ. ಸೀಟಿ ಊದ್ತಾರಂತೆ."

"ಹಂಗಾರ ಬರ್ತೀನಿ. ಓಡಬ್ಯಾಡ ಅನ್ನೂ ಆಟ ನಾ ಇಲ್ಲೀತನಕ ಕೇಳಿದ್ದಿಲ್ಲ."

ಆರು ಜನರಾದೆವು. ಸೀರೆಯ ಕೆಳಗೆ ಟ್ರೇನರ್ ಶೂ, ಮೇಲೆ ಕಾರ್ಡಿಗನ್. ಪಾರ್ಕಿನ ಹುಲ್ಲಿನ ಮೇಲೆ ಮೊದಲ ದಿನ ಕೋಚ್ ಸೀಟಿ ಊದಿದರು. ಎರಡು ನಿಮಿಷ ಆಗಿರಲಿಲ್ಲ, ಗಿರಿಜಕ್ಕನ ಕಾಲು ನನ್ನ ಕಾಲಿಗೆ ತಾಗಿತು. ಅವರು ನಿಂತರು, ಬಗ್ಗಿ ನನ್ನನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಹಿರಿಯರು ನನಗೆ ಹಾಗೆ ಮಾಡಿದರೆ ನಾನು ಸುಮ್ಮನಿರಲಾದೀತೆ? ನಾನೂ ಬಗ್ಗಿದೆ. ಅಷ್ಟರಲ್ಲಿ ಆ ಕಡೆ ಇನ್ನಿಬ್ಬರ ಕಾಲು ತಾಗಿ ಅವರೂ ಬಗ್ಗಿದ್ದರು. ಚೆಂಡು ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಬೇಲಿ ಸೇರಿತು.

ಕೋಚ್ ಸೀಟಿಯನ್ನು ಬಾಯಿಂದ ತೆಗೆದರು. "ಏನಾಯಿತು? ಎಲ್ಲರಿಗೂ ಒಟ್ಟಿಗೇ ಬೆನ್ನು ಹಿಡಿಯಿತಾ?"

ನಾನು ಬಿಡಿಸಿ ಹೇಳಿದೆ. ಎದುರಿಗಿರುವವರೊಳಗೂ ದೇವರಿದ್ದಾನೆ, ಕಾಲು ತಾಗಿದರೆ ಕ್ಷಮೆ ಕೇಳಬೇಕು, ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬಿಡಲಾಗುವುದಿಲ್ಲ ಎಂದೆ. ಬಿಡಿ ಎಂದರೆ ಆಟವನ್ನೇ ಬಿಡುತ್ತೇವೆ ಎಂದೂ ಹೇಳಿದೆ.

ಮಾರನೆಯ ಬೆಳಿಗ್ಗೆ ಎಂಟಕ್ಕೇ ಕೋಚ್ ಬಂದು ಬೇಳೆ ಕೇಳಿದರು. ಹೆಸರುಬೇಳೆಗಳನ್ನು ಮೇಜಿನ ತುಂಬ ದೂರ ದೂರ ಇಟ್ಟರು. "ಮಿಸೆಸ್, ಎಷ್ಟೋ ವರ್ಷ ಹುಡುಗರಿಗೆ ಗಂಟಲು ಹರಿಯುವ ಹಾಗೆ ಕೂಗಿದೆ, ಎದುರಾಳಿಯ ಕಾಲಿಗೆ ಕಾಲು ಕೊಡಬೇಡಿ, ಅವನು ಬರುವ ಮೊದಲು ಚೆಂಡು ಬಿಡಿ ಅಂತ. ಒಬ್ಬನೂ ಕೇಳಲಿಲ್ಲ. ನಿಮಗೆ ಅದನ್ನು ಅಮ್ಮಂದಿರೇ ಕಲಿಸಿ ಕಳಿಸಿದ್ದಾರೆ. ಕಾಲು ತಾಗಬಾರದು ತಾನೇ? ತಾಗದ ಹಾಗೆಯೇ ಆಡಿ."

ಹಾಗೆ ಆಡಿದೆವು. ಯಾರಾದರೂ ನಾಲ್ಕು ಅಡಿ ಹತ್ತಿರ ಬಂದರೆ ಸಾಕು, ಪಾಪ ಅಂಟೀತೆಂಬ ಭಯಕ್ಕೆ ಚೆಂಡನ್ನು ಪಕ್ಕದವರಿಗೆ ದಾಟಿಸಿಬಿಡುತ್ತಿದ್ದೆವು. ಆರು ಜನರ ನಡುವೆ ಚೆಂಡು ಅರಿಶಿನ ಕುಂಕುಮದ ತಟ್ಟೆಯ ಹಾಗೆ ಕೈಯಿಂದ ಕೈಗೆ, ಅಲ್ಲ, ಕಾಲಿಂದ ಕಾಲಿಗೆ ಸುತ್ತುತ್ತಿತ್ತು. ಕೋಚ್ ಕೂಗುವುದನ್ನೇ ಬಿಟ್ಟರು.

ಶೆಫೀಲ್ಡ್‌ನ ನಮ್ಮ ಜನ ಮಾತ್ರ ಬಿಡಲಿಲ್ಲ. ಒಂದು ಗೃಹಪ್ರವೇಶದ ಊಟದಲ್ಲಿ ಒಬ್ಬ ಡಾಕ್ಟರರು, "ಏನಮ್ಮ, ಮುಂದಿನ ವರ್ಲ್ಡ್ ಕಪ್‌ಗೆ ನೀವೇನಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಹೌದು, ನಿಮಗೆ ಪಾಸ್ ಇಡಿಸುತ್ತೇನೆ ಎಂದು ಹೇಳಿ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ. ನಮ್ಮೆಜಮಾನರದ್ದು ಬೇರೆ ಚಿಂತೆ. "ಸೊಂಟ ಮುರ್ಕೊಂಡ್ರೆ ನಮ್ಮ ಆಸ್ಪತ್ರೆಗೇ ತರ್ತಾರೆ ಕಣೇ. ನರ್ಸ್‌ಗಳಿಗೆ ನಾನೇನು ಹೇಳ್ಲಿ?" ಎಂದರು. ಆದರೂ ರೋಟಾ ಬದಲಿಸಿಕೊಂಡು ಪಂದ್ಯದ ದಿನ ಮಿನಿಬಸ್ ಓಡಿಸಿದವರು ಅವರೇ. ಅದೂ ಒಂದು ಕೃಪೆಯೇ.

ಪಂದ್ಯ ಲೆಸ್ಟರ್‌ನಲ್ಲಿ. ಆ ವರ್ಷ ಲೆಸ್ಟರ್ ಊರಿನ ತಂಡ ಯಾರೂ ಎಣಿಸದ ಹಾಗೆ ಲೀಗ್ ಗೆದ್ದು, ಅಲ್ಲಿ ಅಂಗಡಿ, ಬಸ್ಸು, ದೇವಸ್ಥಾನ ಎಲ್ಲ ಕಡೆ ಫುಟ್‌ಬಾಲಿನದೇ ಮಾತು. ಅಲ್ಲಿನ ಗುಜರಾತಿ ಹೆಂಗಸರೂ ನಡೆದಾಡುವ ಆಟ ಶುರುಮಾಡಿದ್ದರು. ಗಿರಿಜಕ್ಕನ ಬೀಗರ ಮೂಲಕ ಮಾತಾಗಿ, ಆಗಸ್ಟಿನ ಕೊನೆಯ ಶನಿವಾರ ಗೊತ್ತಾಯಿತು. ಮುಂದಿನ ವಾರವೇ ಕೋಚ್ ಹೊರಡುವುದಿತ್ತು.

ಅವತ್ತು ಅವರು ಟೈ ಕಟ್ಟಿದ್ದರು. ಕೊರಳಲ್ಲಿ ಹಳೆಯ ಸೀಟಿ, ತಲೆಗೆ ಚಪ್ಪಟೆ ಟೋಪಿ. ಗೆರೆಯ ಪಕ್ಕದ ಬೆಂಚಿನ ಮೇಲೆ ಕುಳಿತು, ಕೋಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡರು. ನಾವು ಆರು ಜನ ಮೈದಾನದ ಮಧ್ಯಕ್ಕೆ ಹೋಗಿ ನಿಂತೆವು.

ಆಗ ಮೈದಾನದ ವ್ಯವಸ್ಥಾಪಕ ಬಂದ. ಕೈಯಲ್ಲಿ ಕ್ಲಿಪ್‌ಬೋರ್ಡು, ಒಳ್ಳೆಯ ಮಾತಿನ ಯುವಕ. ಬೆಂಚಿನ ಮೇಲೆ ಹೆಸರು ನೋಂದಾಯಿಸಿದ ಕೋಚ್ ಮಾತ್ರ ಕೂರಬೇಕು, ಈ ಹಿರಿಯರ ಕಾಗದವಿಲ್ಲ, ದಯವಿಟ್ಟು ಅವರು ಬೇಲಿಯ ಆಚೆ ಕುರ್ಚಿಯಲ್ಲಿ ಕುಳಿತು ನೋಡಲಿ ಎಂದ. ಇಲ್ಲದಿದ್ದರೆ ಪಂದ್ಯ ಶುರುಮಾಡುವ ಹಾಗಿಲ್ಲ ಎಂದ.

ಕೋಚ್ ವಾದ ಮಾಡಲಿಲ್ಲ. ಒಂದು ಸಲ ನನ್ನ ಕಡೆ ನೋಡಿ, ಸಣ್ಣಗೆ ತಲೆಯಾಡಿಸಿ, ಕೋಲನ್ನು ನೆಲಕ್ಕೆ ಊರಿ, ಬಾಗದ ಕಾಲನ್ನು ಮುಂದೆ ಚಾಚಿ ಏಳಲು ಹೊರಟರು. ಏಳುವುದು ಅವರಿಗೆ ಅಷ್ಟು ಅಭ್ಯಾಸವಾಗಿಹೋಗಿತ್ತು...

ನನಗೆ ಎಲ್ಲಿಂದ ಆ ಗಂಟಲು ಬಂತೋ. ಮೈದಾನದ ಮಧ್ಯದಿಂದ ಕೂಗಿದೆ.

"ಏಳಬೇಡಿ, ಕೋಚ್!"

ಅವರು ಅರ್ಧಕ್ಕೆ ನಿಂತರು. ನಾನು ಕುಳಿತೆ. ಅಲ್ಲೇ, ಒದ್ದೆ ಹುಲ್ಲಿನ ಮೇಲೆ, ಸೆರಗು ಹೊದ್ದುಕೊಂಡು, ಚಕ್ಕಳಮಕ್ಕಳ ಹಾಕಿ. ಗಿರಿಜಕ್ಕ, "ಮೊಳಕಾಲು ನೋಯ್ತಾವು, ಆದ್ರೂ ಕೂಡ್ತೀನಿ" ಎನ್ನುತ್ತ ಪಕ್ಕದಲ್ಲಿ ಕುಳಿತರು. ಆರೂ ಜನ ಕುಳಿತ ಮೇಲೆ ಏನು ಮಾಡುವುದೆಂದು ತಿಳಿಯಲಿಲ್ಲ. ಹೆಂಗಸರು ವೃತ್ತವಾಗಿ ಕುಳಿತ ಮೇಲೆ ನಾವು ಮಾಡುವುದು ಒಂದೇ. ಗಣಪತಿ ಸ್ತುತಿಯಿಂದ ಶುರುಮಾಡಿದೆವು.

ಕ್ಲಿಪ್‌ಬೋರ್ಡಿನವನು ಬಂದು ಎಷ್ಟು ಹೊತ್ತು ಹೀಗೆ ಎಂದು ಕೇಳಿದ. "ಮಂಗಳಾರತಿ ತನಕ" ಎಂದೆ. ಅದು ಯಾವಾಗ ಎಂದ. "ಗುರುವಾರಗಳಲ್ಲಿ ಎರಡು ಗಂಟೆ ಆಗುತ್ತದೆ. ಇವತ್ತು ಶನಿವಾರ, ಹನುಮಂತನದೂ ಸೇರಿಸಬೇಕು."

ಎದುರಿನ ತಂಡದ ಗುಜರಾತಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಬಿಳಿ ತಲೆಯ ಒಬ್ಬರು ಬಂದು, ಕೈಮುಗಿದು, ನನ್ನ ಪಕ್ಕ ಕುಳಿತು ತಾಳ ಹಾಕತೊಡಗಿದರು. ಸಾಹಿತ್ಯ ಅವರಿಗೆ ಬಾರದು, ತಾಳ ತಪ್ಪಲಿಲ್ಲ. ಮೂರನೆಯ ಹಾಡಿಗೆ ಹನ್ನೆರಡೂ ಜನ ನೆಲದಲ್ಲಿದ್ದೆವು. ಬೆಂಚಿನ ಮೇಲೆ ಕೋಚ್ ಕುಳಿತೇ ಇದ್ದರು. ಟೋಪಿ ಮಾತ್ರ ಕೈಗೆ ಬಂದಿತ್ತು.

ನಾಲ್ಕನೆಯ ಹಾಡಿನ ಹೊತ್ತಿಗೆ ಆ ಯುವಕ ಎಲ್ಲಿಗೋ ಫೋನ್ ಮಾಡಿ ಬಂದು ನಗುತ್ತಾ, ಅವರು ಅಲ್ಲೇ ಇರಲಿ, ದಯಮಾಡಿ ನೀವು ಏಳಿ ಎಂದ. ಗಿರಿಜಕ್ಕನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಎರಡು-ಒಂದರಲ್ಲಿ ಸೋತೆವು. ಅವರಿಗೂ ನಮ್ಮದೇ ಅಭ್ಯಾಸ, ಕಾಲು ತಾಗಿದಲ್ಲೆಲ್ಲ ಎರಡೂ ಕಡೆಯವರು ಬಗ್ಗಿ ಕಣ್ಣಿಗೊತ್ತಿಕೊಳ್ಳುವುದು, ರೆಫರಿ ಆಕಾಶ ನೋಡುವುದು. ಆದರೆ ನಮ್ಮ ಆ ಒಂದು ಗೋಲು! ಚೆಂಡು ನಮ್ಮ ಆರೂ ಜನರನ್ನು ಸುತ್ತಿ, ಒಬ್ಬರ ಕಾಲೂ ಇನ್ನೊಬ್ಬರಿಗೆ ತಾಗದೆ, ಕೊನೆಗೆ ಗಿರಿಜಕ್ಕನ ಮುಂದೆ ಬಂತು. ಅವರು "ಶಿವಾ" ಎಂದು ಒದ್ದರು. ಒಳಗೆ ಹೋಯಿತು. ನಾನು ತಿರುಗಿ ನೋಡಿದಾಗ ಕೋಚ್ ಚಪ್ಪಾಳೆ ತಟ್ಟುತ್ತಿರಲಿಲ್ಲ. ಗಾಳಿಯಲ್ಲಿ ಬೆರಳಿಂದ ಚೆಂಡು ಬಂದ ದಾರಿಯನ್ನು, ಒಬ್ಬರಿಂದ ಒಬ್ಬರಿಗೆ, ಮತ್ತೆ ಬರೆಯುತ್ತಿದ್ದರು.

ಕೊನೆಯ ಸೀಟಿಯಾದ ಮೇಲೂ ಅವರು ಏಳಲಿಲ್ಲ. ಎಲ್ಲರೂ ಚಹಾಕ್ಕೆ ಹೋದ ಮೇಲೆ ಪಕ್ಕದಲ್ಲಿ ಹೋಗಿ ಕುಳಿತೆ.

"ಇನ್ನು ಏಳಬಹುದಾ, ಮಿಸೆಸ್?" ಎಂದರು.

"ಈಗ ನಿಮ್ಮಿಷ್ಟ" ಎಂದೆ.

ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದೆವು.

ಕೇರ್ ಹೋಮಿನಿಂದ ಎರಡು ಕಾರ್ಡು ಬಂದವು. ಒಂದರಲ್ಲಿ ಬರೀ ಚುಕ್ಕೆಗಳು, ಬಾಣಗಳು. ಸಂಕ್ರಾಂತಿ ಕಳೆದ ವಾರ ಅವರ ತಂಗಿಯ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಆ ಸುದ್ದಿಯಲ್ಲಿ ಎಣಿಸಲು ನನಗೆ ಸಿಕ್ಕಿದ ಕೃಪೆ ಅದೊಂದೇ. ಮಣ್ಣು ಮಾಡಲು ಶೆಫೀಲ್ಡ್‌ಗೇ ತಂದರು. ಚರ್ಚಿನಲ್ಲಿ ಒಂದು ಡಜನ್ ಜನರಿರಲಿಲ್ಲ. ಹೊರಗೆ ಹಿಮ ಕರಗಿ ಕೆಸರು, ನಮ್ಮ ಆರೂ ಜನರ ಸೀರೆಯ ಕೆಳಗೆ ಅದೇ ಟ್ರೇನರ್ ಶೂಗಳು. ಗೊತ್ತಿಲ್ಲದೆ ಹೋಗಿ ಮೊದಲ ಸಾಲಿನ ಬೆಂಚಿನಲ್ಲಿ ಕುಳಿತೆವು. ಕಪ್ಪು ಕೋಟಿನವನೊಬ್ಬ ಬಂದು ತಗ್ಗಿದ ದನಿಯಲ್ಲಿ, ಇದು ಮನೆಯವರಿಗೆ ಮೀಸಲು, ದಯವಿಟ್ಟು ಹಿಂದಕ್ಕೆ ಹೋಗಿ ಎಂದ.

"ಏನಂತಾನ ಇಂವ?" ಎಂದು ಗಿರಿಜಕ್ಕ ಕೇಳಿದರು.

"ಏಳಿ ಅಂತಾರೆ."

"ಏಳೂದಿಲ್ಲಂತ ಹೇಳು."

ಹೇಳಿದೆ. ಅಷ್ಟರಲ್ಲಿ ತಂಗಿಯ ಮಗಳು ಬಂದಳು. ನಮ್ಮನ್ನೂ ನಮ್ಮ ಶೂಗಳನ್ನೂ ನೋಡಿದಳು. ನನ್ನ ಪಕ್ಕ ಸರಿದು ಕುಳಿತಳು. ಎಲ್ಲ ಮುಗಿದು ಹೊರಡುವಾಗ, ಅವರ ದಿಂಬಿನ ಪಕ್ಕದಲ್ಲಿತ್ತು ಎಂದು ಈ ಚೆಂಡನ್ನು ನನ್ನ ಕೈಗೆ ಕೊಟ್ಟಳು. ಹೊರಡುವ ದಿನ ಅವರ ಚೀಲದಲ್ಲಿ ನಾನೇ ಇಟ್ಟಿದ್ದೆ.

ಅದಾಗಿ ಆರು ತಿಂಗಳಿಗೆ ನಾವು ಬರ್ಮಿಂಗ್‌ಹ್ಯಾಮ್‌ಗೆ ಬಂದೆವು. ಗಿರಿಜಕ್ಕ ಮಗನ ಮನೆ ಸೇರಿದರು. ತಂಡ ಚೆದುರಿತು...

ಮೊನ್ನೆ ಚೆಂಡು ಸಿಕ್ಕಿದಾಗ ಮಗಳು ಮನೆಯಲ್ಲಿದ್ದಳು. "ಅಮ್ಮ, ಇಟ್ ಸ್ಟಿಂಕ್ಸ್, ಬಿನ್‌ಗೆ ಹಾಕು" ಎಂದಳು. ಎಲ್ಲಿಡುವುದೆಂದು ನನಗೂ ತಿಳಿಯಲಿಲ್ಲ. ಕಾಲಿನಿಂದ ಒದ್ದದ್ದನ್ನು ದೇವರ ಮನೆಯಲ್ಲಿ ಇಡುವ ಹಾಗಿಲ್ಲ. ಒದೆಯದೆ ಬರೀ ಇಟ್ಟುಕೊಂಡರೆ ಅವರು ಒಪ್ಪುವುದಿಲ್ಲ. ಬಿಟ್ಟ ಹೊಲಿಗೆಯನ್ನು ಕಪ್ಪು ದಾರದಿಂದಲೇ ಹಾಕಿದೆ. ಶೂ ಏರಿಸಿ ಹಿತ್ತಲಿಗೆ ಹೋದೆ.

ಪಕ್ಕದ ಮನೆಯ ಕಿಟಕಿ ಮುಚ್ಚಿತ್ತು. ಈ ಊರಿನಲ್ಲಿ ನನ್ನನ್ನು ನೋಡಿ ಕಿಟಕಿ ತೆರೆಯುವವರಿಲ್ಲ. ಚೆಂಡನ್ನು ಕೆಳಗಿಟ್ಟು, ತಲೆ ಎತ್ತಿ, ಒದ್ದೆ. ಬೇಲಿಯವರೆಗೂ ಹೋಯಿತು. ಹೋಗಿ, ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮತ್ತೆ ಒದ್ದೆ.